ಹೊಟ್ಟೆಯ ಅಳತೆಯೂ ಉಸಿರಿನ ಬಲವೂ



ಗೃಹಸ್ಥರು ಓದತಕ್ಕ ಈ ಪುಟದಲ್ಲಿ ಮೋಟಾರು ಕಾರಿನ ಎಂಜಿನ್ನಿನ ವಿಚಾರವನ್ನು ಎತ್ತಬಹುದೆ ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ವ್ಯಾಕರಣವನ್ನೂ ಕಾವ್ಯವನ್ನೂ ಪಾಠ ಹೇಳಿಕೊಂಡು ಆಯುಸ್ಸಿನ ಬಹುಭಾಗವನ್ನು ಕಳೆದ ನಮಗೆ ಎಣ್ಣೆ ಮಸಿಗಳ ಈ ಶಾಸ್ತ್ರದಲ್ಲಿ ಅಧಿಕಾರವೆಲ್ಲಿಯದು ಎಂದು ಇನ್ನು ಕೆಲವರು ಕೇಳಬಹುದು. ಎರಡು ಆಕ್ಷೇಪಗಳೂ ಯುಕ್ತವಾದವುಗಳೇ. ಆದರೂ ಪ್ರಾಯಕ್ಕೆ ಬಂದ ಮಗನಿರುವ ಎಷ್ಟೋ ಮನೆಗಳಲ್ಲಿ ಈಗ ಊಟದ ಹೊತ್ತಿನ ವಾಗ್ವಾದಕ್ಕೆ ಈ ಎಂಜಿನ್ನೇ ಕಾರಣವಾಗುತ್ತಿರುವುದರಿಂದ, ಇದು ಗೃಹಕೃತ್ಯಕ್ಕೆ ಸಂಬಂಧಪಡದ ವಿಷಯವೆಂದು ಹೇಳುವಂತಿಲ್ಲ. ಅಧಿಕಾರದ ಮಾತನ್ನು ಕೊನೆಯವರೆಗೆ ಓದಿ ವಾಚಕರೇ ತೀರ್ಮಾನಿಸಲಿ.

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಮ್ಮ ಹಳೆಯ ಶಿಷ್ಯನೊಬ್ಬನು ಮಗನನ್ನು ಮುಂದಿಟ್ಟುಕೊಂಡು ನಮ್ಮ ಮನೆಗೆ ಬಂದನು. ತಂದೆಗೆ ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯುಂಟು. ಮಗನು ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ನಾಲ್ಕು ವರ್ಷಗಳಿಂದ ಉದ್ಯೋಗದಲ್ಲಿರುವವನು. ಕಾಫಿ ಮುಗಿಯುವವರೆಗೂ ಇಬ್ಬರೂ ಮಾತನಾಡಲಿಲ್ಲ. ಆಮೇಲೆ ತಂದೆಯೇ ಪ್ರಾರಂಭಿಸಿದನು:

“ಮೇಷ್ಟ್ರೇ, ಇವನಿಗೆ ನೀವೇ ಬುದ್ಧಿ ಹೇಳಬೇಕು. ನಾಲ್ಕು ವರ್ಷ ದುಡಿದು ಕೂಡಿಟ್ಟಿರುವ ಹಣವನ್ನೆಲ್ಲ ನಮ್ಮ ಹಳೆಯ ಕಾರಿನ ಹೊಟ್ಟೆಗೆ ಸುರಿಯುತ್ತೇನೆಂದು ಹಟ ಹಿಡಿದಿದ್ದಾನೆ. ನನ್ನ ಮಾತು ಮನೆಯಲ್ಲಿ ನಡೆಯುವುದಿಲ್ಲ. ನಿಮ್ಮ ಮಾತನ್ನು ತೆಗೆದುಹಾಕಲಾರ.”

ಕಾರೆಂದರೆ ಸ್ಕೋಡಾ ಆಕ್ಟೇವಿಯಾ, 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನಿನದು. ಅಂಗಡಿಯ ವ್ಯಾಪಾರ ಚೆನ್ನಾಗಿದ್ದ ದಿನಗಳಲ್ಲಿ ತಂದೆಯೇ ಆಸೆಪಟ್ಟು ಕೊಂಡದ್ದು. ಈಗ ಮನೆಯ ಹಿಂದಣ ಕೊಟ್ಟಿಗೆಯಲ್ಲಿ ನಿಂತಿದೆ. ಅದನ್ನು ಬಿಚ್ಚಿ ಬಲಪಡಿಸಿ, ಪಂದ್ಯಕ್ಕೆ ಒಗ್ಗುವ ವೇಗದ ಕಾರನ್ನಾಗಿ ಮಾಡಬೇಕೆಂಬುದು ಮಗನ ಸಂಕಲ್ಪ. ಅವನು ಸಲಹೆ ಕೇಳಿದ ಇಬ್ಬರು ಮೇಸ್ತ್ರಿಗಳಲ್ಲಿ ಒಬ್ಬರು ಎಂಜಿನ್ನಿನ ಗಾತ್ರವನ್ನು ಇದ್ದಂತೆಯೇ ಇಟ್ಟುಕೊಂಡು ಟರ್ಬೊವನ್ನು ಮಾತ್ರ ದೊಡ್ಡದು ಮಾಡೆಂದರಂತೆ. ಇನ್ನೊಬ್ಬರು ಮೊದಲು ಗಾತ್ರವನ್ನು ಎರಡು ಲೀಟರಿಗೆ ಏರಿಸೆಂದರಂತೆ. ಹುಡುಗನ ಮನಸ್ಸು ದೊಡ್ಡದರ ಕಡೆಗೆ ವಾಲಿತ್ತು. ತಂದೆಯ ಮನಸ್ಸು ಎರಡರ ಕಡೆಗೂ ಇರಲಿಲ್ಲ.

ಬುದ್ಧಿ ಹೇಳುವುದಕ್ಕೆ ಮುಂಚೆ ವಿಷಯ ತಿಳಿದಿರಬೇಕಷ್ಟೆ. ಆದುದರಿಂದ “ಮಗು, ನಮಗೆ ಇದರಲ್ಲಿ ಒಂದಕ್ಷರವೂ ಬಾರದು. ನೀನೇ ಪಾಠ ಹೇಳು” ಎಂದೆವು. ಹುಡುಗನು ಗೋಡೆಯ ಹಳೆಯ ಕ್ಯಾಲೆಂಡರನ್ನು ತೆಗೆದು, ಬೆನ್ನಿನ ಮೇಲೆ ಚಿತ್ರ ಬರೆಯುತ್ತ ಎರಡು ಗಂಟೆಗಳ ಕಾಲ ಪಾಠ ಹೇಳಿದನು. ಚೆನ್ನಾಗಿಯೇ ಹೇಳಿದನು. ಅದರ ಸಾರವನ್ನು ವಾಚಕರಿಗೆ ಒಪ್ಪಿಸುವೆವು.

ಎಂಜಿನ್ನಿನ ಸಿಲಿಂಡರೆಂಬುದು ಒಂದು ಕೊಳವೆ. ಅದರೊಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಚಲಿಸುವುದು. ಕೊಳವೆಯ ಅಡ್ಡಳತೆಗೆ ಬೋರೆಂದೂ ಪಿಸ್ಟನ್ನು ಚಲಿಸುವ ದೂರಕ್ಕೆ ಸ್ಟ್ರೋಕೆಂದೂ ಹೆಸರು. ಪಿಸ್ಟನ್ನು ಒಮ್ಮೆ ಮೇಲಿನಿಂದ ಕೆಳಗಿಳಿದಾಗ ತೆರವಾಗುವ ಜಾಗವನ್ನು ಎಲ್ಲ ಸಿಲಿಂಡರುಗಳಿಗೂ ಕೂಡಿಸಿದರೆ ಎಂಜಿನ್ನಿನ ಘನಗಾತ್ರ ಬರುವುದು, ಜನರು ಸಿ.ಸಿ. ಎನ್ನುವುದು ಇದನ್ನೇ. ಈ ಕಾರಿನಲ್ಲಿ ಬೋರು 81 ಮಿಲಿಮೀಟರು, ಸ್ಟ್ರೋಕು 86.4 ಮಿಲಿಮೀಟರು, ಸಿಲಿಂಡರು ನಾಲ್ಕು. ಲೆಕ್ಕ ಹಾಕಿದರೆ 1781 ಸಿ.ಸಿ. ಬೋರನ್ನು 82.5 ಮಿಲಿಮೀಟರಿಗೆ ಕೊರೆಸಿ, 92.8 ಮಿಲಿಮೀಟರಿನ ಸ್ಟ್ರೋಕು ಬರುವಂತಹ ಬೇರೆ ಕ್ರ್ಯಾಂಕನ್ನು ಕೂರಿಸಿದರೆ 1984 ಸಿ.ಸಿ. ಆಗುವುದು. ನೂರಕ್ಕೆ ಹನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ವೃದ್ಧಿ. ಇಷ್ಟಕ್ಕಾಗಿಯೇ ಮನೆಯಲ್ಲಿ ಆ ಜಗಳ.

ಇಂತಹ ಎಂಜಿನ್ನು ಎರಡು ಸುತ್ತಿಗೊಮ್ಮೆ ಹೊಟ್ಟೆ ತುಂಬ ಉಸಿರೆಳೆಯುವುದು. ನಿಮಿಷಕ್ಕೆ 6000 ಸುತ್ತು ತಿರುಗುವಾಗ 3000 ಸಲ ಉಸಿರಾಟವಾಯಿತು. 1781 ಸಿ.ಸಿ.ಯ ಎಂಜಿನ್ನು ಆಗ ನಿಮಿಷವೊಂದಕ್ಕೆ ಹೆಚ್ಚೆಂದರೆ ಸುಮಾರು 5340 ಲೀಟರು ಗಾಳಿಯನ್ನು ಎಳೆದುಕೊಳ್ಳುವುದು. ಗಾಳಿಯಿದ್ದಷ್ಟು ಪೆಟ್ರೋಲು ಉರಿಯುವುದು; ಪೆಟ್ರೋಲು ಉರಿದಷ್ಟು ಬಲ. ಆದಕಾರಣ ಬಲವನ್ನು ಹೆಚ್ಚಿಸಬೇಕಾದರೆ ಹೊಟ್ಟೆಯನ್ನು ಹಿಗ್ಗಿಸಬೇಕು, ಇಲ್ಲವೆ ಉಸಿರನ್ನು ಒತ್ತಿ ತುಂಬಬೇಕು.

ಒತ್ತಿ ತುಂಬುವ ಸಾಧನವೇ ಟರ್ಬೊ. ಎಂಜಿನ್ನಿನಿಂದ ಹೊರಬೀಳುವ ಬಿಸಿಹೊಗೆಯಿಂದ ಒಂದು ಚಿಕ್ಕ ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರದಿಂದ ಹೊರಗಣ ಗಾಳಿಯನ್ನು ಅದುಮಿ ಒಳಕ್ಕೆ ಕಳುಹಿಸುವುದು ಇದರ ಕೆಲಸ. ಕಮ್ಮಾರನ ಕುಲುಮೆಗೆ ತಿದಿಯುಂಟಲ್ಲವೆ? ಇದೂ ಹಾಗೆಯೇ. ಭೇದವೇನೆಂದರೆ ಇಲ್ಲಿ ತಿದಿಯೊತ್ತುವ ಆಳು ಬೇರೆ ಇಲ್ಲ. ಕುಲುಮೆಯ ಹೊಗೆಯೇ ತಿದಿಯನ್ನು ಒತ್ತುವುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದನು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬವನು ವಿಮಾನದ ಎಂಜಿನ್ನೊಂದನ್ನು 4300 ಮೀಟರು ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಹೊತ್ತುಕೊಂಡು ಹೋಗಿ, ಗಾಳಿ ತೆಳುವಾದ ಕಡೆಯಲ್ಲಿಯೂ ಟರ್ಬೊ ಬಲವನ್ನು ಉಳಿಸಿಕೊಡುವುದೆಂದು ತೋರಿಸಿದನು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಮೇಲಿರುವ ಬೆಂಗಳೂರಿನಲ್ಲಿಯೇ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲಿನಷ್ಟು ಕಡಮೆ. ಟರ್ಬೊ ಇಲ್ಲದ ಕಾರುಗಳು ಆ ಪಾಲನ್ನು ದಿನವೂ ಕಳೆದುಕೊಳ್ಳುತ್ತಲೇ ಇವೆ.

ಇಷ್ಟನ್ನು ಕೇಳಿದ ಮೇಲೆ ನಮಗೆ ಒಂದು ಸಂದೇಹ ಬಂದಿತು. “ಒತ್ತಡವನ್ನು ಬೇಕಾದಷ್ಟು ಏರಿಸಬಹುದಾದರೆ ಹೊಟ್ಟೆಯ ಗಾತ್ರಕ್ಕೇನು ಬೆಲೆ?” ಎಂದು ಕೇಳಿದೆವು. ಹುಡುಗನು ನಕ್ಕು, “ತಾತ, ಮೂಲ ಪ್ರಶ್ನೆಯೇ ಅದು” ಎಂದನು.

ಅವನ ಉತ್ತರವಿದು. ನೂರು ಅಶ್ವಶಕ್ತಿಗೆ ನಿಮಿಷಕ್ಕೆ ಸ್ಥೂಲವಾಗಿ ನಾಲ್ಕೂವರೆ ಕಿಲೋಗ್ರಾಂ ಗಾಳಿ ಬೇಕು. ಅವನ ಗುರಿ 250 ಅಶ್ವಶಕ್ತಿ; ಅಂದರೆ ಹನ್ನೊಂದು ಕಿಲೋಗ್ರಾಮಿಗೆ ಸ್ವಲ್ಪ ಮೇಲೆ. 1781 ಸಿ.ಸಿ.ಯಲ್ಲಿ ಇದನ್ನು 6000 ಸುತ್ತಿನಲ್ಲಿ ಪಡೆಯಲು ಹೊರಗಣ ಗಾಳಿಯ ಮೇಲೆ ಇನ್ನೂ ಒಂದು ಬಾರ್ ಒತ್ತಡ ಬೇಕಾಗುವುದು, 1984 ಸಿ.ಸಿ.ಯಲ್ಲಿ ಸುಮಾರು 0.8 ಬಾರ್ ಸಾಕು. ಎರಡು ದಾರಿಗಳೂ ಊರಿಗೆ ಮುಟ್ಟುವುವು. ಹಾಗಾದರೆ ಬಲದ ಮೇಲ್ಮಿತಿಯನ್ನು ಗೊತ್ತುಮಾಡುವುದು ಎಂಜಿನ್ನಿನ ಗಾತ್ರವಲ್ಲ. ಟರ್ಬೊ ಎಷ್ಟು ಗಾಳಿಯನ್ನು ಸಾಗಿಸಬಲ್ಲುದೆಂಬುದು. ಗಾತ್ರವು ಗೊತ್ತುಮಾಡುವುದು ಬೇರೊಂದನ್ನು: ಆ ಬಲ ಯಾವ ಹೊತ್ತಿಗೆ ಕೈಗೆ ಬರುವುದೆಂಬುದನ್ನು.

ಏಕೆಂದರೆ ತಿದಿಯನ್ನು ಒತ್ತುವುದು ಹೊಗೆ. ಹೊಗೆ ಸಾಕಷ್ಟು ಹುಟ್ಟುವವರೆಗೆ ತಿದಿ ಆಡದು. ಸವಾರನು ಕಾಲೊತ್ತಿದರೂ ಕಾರು ಕ್ಷಣಕಾಲ ಯೋಚಿಸುತ್ತ ನಿಲ್ಲುವುದು. ದೊಡ್ಡ ಹೊಟ್ಟೆಯ ಎಂಜಿನ್ನು ಕಡಮೆ ಸುತ್ತಿನಲ್ಲಿಯೇ ಹೆಚ್ಚು ಹೊಗೆಯನ್ನು ಬಿಡುವುದರಿಂದ ತಿದಿ ಬೇಗ ಎಚ್ಚರಗೊಳ್ಳುವುದು. ಅದೇ ಟರ್ಬೊ 1781 ಸಿ.ಸಿ.ಯಲ್ಲಿ 4000 ಸುತ್ತಿಗೆ ಪೂರ್ಣ ಒತ್ತಡ ಕೊಡುವುದಾದರೆ 1984 ಸಿ.ಸಿ.ಯಲ್ಲಿ ಸುಮಾರು 3600ಕ್ಕೇ ಕೊಡುವುದು. ಇದು ಲಾಭ. ಆದರೆ ಸ್ಟ್ರೋಕು ಉದ್ದವಾದಷ್ಟು ಒಂದೇ ಸುತ್ತಿನಲ್ಲಿ ಪಿಸ್ಟನ್ನು ಹೆಚ್ಚು ದೂರ ಓಡಬೇಕಾಗುವುದು. 86.4 ಮಿಲಿಮೀಟರಿನ ಪಿಸ್ಟನ್ನು 7000 ಸುತ್ತಿನಲ್ಲಿ ಸರಾಸರಿ ಸೆಕೆಂಡಿಗೆ 20 ಮೀಟರು ವೇಗದಿಂದ ಓಡಿದರೆ, 92.8ರ ಪಿಸ್ಟನ್ನು 6500 ಸುತ್ತಿಗೇ ಆ ವೇಗವನ್ನು ಮುಟ್ಟುವುದು. ಕೆಳಗೆ ನಾನೂರು ಸುತ್ತು ಗಳಿಸಿ ಮೇಲೆ ಐನೂರು ಸುತ್ತು ಬಿಟ್ಟುಕೊಟ್ಟಂತಾಯಿತು. ಬಟ್ಟೆ ಅಗಲವಾಗಲಿಲ್ಲ; ಹಾಸಿದ ಜಾಗ ಬದಲಾಯಿತು, ಅಷ್ಟೆ.

ಇಲ್ಲಿ ನಮ್ಮ ಹಳೆಯ ವಿದ್ಯೆ ಸ್ವಲ್ಪ ಸಹಾಯಕ್ಕೆ ಬಂದಿತು. ಶಾಸ್ತ್ರಗ್ರಂಥವನ್ನು ಪ್ರಾರಂಭಿಸುವವನು ಮೊದಲು ನಾಲ್ಕು ಅನುಬಂಧಗಳನ್ನು ತಿಳಿಸತಕ್ಕದ್ದೆಂದು ಸಂಪ್ರದಾಯ: ವಿಷಯವೇನು, ಪ್ರಯೋಜನವೇನು, ಅವುಗಳ ಸಂಬಂಧವೇನು, ಅಧಿಕಾರಿ ಯಾರು. “ಮಗು, ವಿಷಯವನ್ನು ಚೆನ್ನಾಗಿ ಹೇಳಿದೆ. ಪ್ರಯೋಜನವನ್ನು ಹೇಳಲೇ ಇಲ್ಲವಲ್ಲ! ಈ ಕಾರು ಯಾವ ದಾರಿಯಲ್ಲಿ ಓಡತಕ್ಕದ್ದು?” ಎಂದು ಕೇಳಿದೆವು. ಹುಡುಗನು ತಡವರಿಸಿದನು. ಟ್ರ್ಯಾಕಿಗೆಂದನು, ದಿನವೂ ಓಡಿಸುವುದಕ್ಕೂ ಆಗಬೇಕೆಂದನು, ಒಮ್ಮೊಮ್ಮೆ ಹೆದ್ದಾರಿಗೂ ಎಂದನು. ತಂದೆಯ ಮುಖ ಕಪ್ಪಿಟ್ಟಿತು. ಆ ದಿನಕ್ಕೆ ಮಾತು ಅಲ್ಲಿಗೆ ನಿಂತಿತು. “ಮುಂದಿನ ಭಾನುವಾರ ಬಾ. ಅಷ್ಟರೊಳಗೆ ನಾವೂ ಸ್ವಲ್ಪ ಓದಿಕೊಳ್ಳುತ್ತೇವೆ” ಎಂದು ಬೀಳ್ಕೊಟ್ಟೆವು.

ಓದಿದಾಗ ತಿಳಿದುದು ನಮ್ಮ ಪ್ರಶ್ನೆಗೆ ಬಲ ಕೊಟ್ಟಿತು. ಇಂತಹ ಕಾರುಗಳನ್ನು ಕಟ್ಟಿದ ಮಹಾ ಪ್ರವೀಣರು ಗಾತ್ರವನ್ನು ಆಸೆಯಿಂದ ಆರಿಸಿದವರಲ್ಲ, ಪ್ರಯೋಜನದಿಂದ ಆರಿಸಿದವರು. ಪಂದ್ಯಗಳಲ್ಲಿ ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ತರಗತಿಗಳಿರುತ್ತಿದ್ದುವು. ಟರ್ಬೊ ಇದ್ದರೆ ಅದರ ಗಾತ್ರವನ್ನು 1.4ರಿಂದ ಗುಣಿಸಿ, ಬಂದ ಸಂಖ್ಯೆಯ ತರಗತಿಯಲ್ಲಿ ಕೂರಿಸುವುದು ಆಗಿನ ನಿಯಮ. 1977ರಲ್ಲಿ ಜರ್ಮನಿಯ ಪೋರ್ಷೆಯವರು ಅಲ್ಲಿಯ ರಾಷ್ಟ್ರೀಯ ಪಂದ್ಯಗಳಲ್ಲಿ ಎರಡು ಲೀಟರಿನ ಸಣ್ಣ ತರಗತಿಯಲ್ಲಿಯೂ ಗೆಲ್ಲಬೇಕೆಂದು ಸಂಕಲ್ಪಿಸಿ, ತಮ್ಮ 935 ಎಂಬ ಕಾರಿಗೆ 1425 ಸಿ.ಸಿ.ಯ ಪುಟ್ಟ ಎಂಜಿನ್ನನ್ನು ಕಟ್ಟಿದರು. 1425ನ್ನು 1.4ರಿಂದ ಗುಣಿಸಿದರೆ 1995. ಮಿತಿಯೊಳಗೆ ಐದು ಸಿ.ಸಿ. ಮಾತ್ರ ಉಳಿಯಿತು. ಆ ಕಾರನ್ನು ಜನರು ‘ಬೇಬಿ’ ಎಂದು ಕರೆದರು. ಸುಮಾರು 370 ಅಶ್ವಶಕ್ತಿ ಕೊಡುತ್ತಿದ್ದ ಆ ಶಿಶುವು ನೋರಿಸ್‌ರಿಂಗಿನ ಮೊದಲ ಪಂದ್ಯದಲ್ಲಿ ಬಿಸಿಯ ಕಾರಣದಿಂದ ನಿಂತಿತು. ಅನಂತರ ಹಾಕನ್‌ಹೈಮಿನಲ್ಲಿ ಜಾಕಿ ಇಕ್ಸ್ ಎಂಬ ಪ್ರಸಿದ್ಧ ಸವಾರನು ಅದನ್ನು ನಡೆಸಿ ಉಳಿದವರನ್ನು ಬಹು ದೂರ ಹಿಂದೆ ಬಿಟ್ಟು ಗೆದ್ದನು. ಪ್ರಯೋಜನ ತೀರಿತು; ಪೋರ್ಷೆಯವರು ಆ ಕಾರನ್ನು ಪಂದ್ಯದಿಂದ ಹಿಂತೆಗೆದರು.

ಆಡಿಯವರ ಕ್ವಾಟ್ರೋ ಕಾರಿನ ಕಥೆ ಇನ್ನೂ ಸ್ವಾರಸ್ಯವಾದುದು. ಅದರ ಮೊದಲಿನ ಎಂಜಿನ್ನು 2144 ಸಿ.ಸಿ. 1.4ರಿಂದ ಗುಣಿಸಿದರೆ 3001.6. ಮೂರು ಲೀಟರಿನ ತರಗತಿಯ ಹೊಸ್ತಿಲನ್ನು ಒಂದೂವರೆ ಸಿ.ಸಿ.ಯಷ್ಟು ದಾಟಿದ್ದರಿಂದ ಕಾರು ಮೇಲಿನ ತರಗತಿಗೆ, ಅಂದರೆ ಹೆಚ್ಚಿನ ಕನಿಷ್ಠ ತೂಕದ ತರಗತಿಗೆ ಸೇರಬೇಕಾಯಿತು. 1984ರ ಸ್ಪೋರ್ಟ್ ಕ್ವಾಟ್ರೋದಲ್ಲಿ ಗಾತ್ರವನ್ನು 2133ಕ್ಕೆ ಇಳಿಸಿದರು, ಗುಣಿಸಿದರೆ 2986. ಹನ್ನೊಂದು ಸಿ.ಸಿ. ತ್ಯಾಗ ಮಾಡಿ ತರಗತಿಯನ್ನೇ ಬದಲಿಸಿಕೊಂಡರು. ಜಪಾನಿನ ನಿಸಾನ್‌ನವರು 1989ರ ಸ್ಕೈಲೈನ್ ಜಿ.ಟಿ.ಆರ್. ಕಾರಿಗೆ 2568 ಸಿ.ಸಿ.ಯನ್ನು ಆರಿಸಿದುದೂ ಇದೇ ಬಗೆಯಲ್ಲಿ: ಆ ಹೊತ್ತಿಗೆ ಗುಣಕವು 1.7 ಆಗಿತ್ತು, ಬಂದ ಸಂಖ್ಯೆ 4366, ಮಿತಿ 4500. ಆ ಕಾರು 1990ರಿಂದ 1993ರವರೆಗೆ ಜಪಾನಿನ ಟೂರಿಂಗ್ ಕಾರ್ ಪಂದ್ಯಗಳಲ್ಲಿ 29ಕ್ಕೆ 29ನ್ನೂ ಗೆದ್ದಿತು. ಇವರಲ್ಲಿ ಯಾರೂ ‘ದೊಡ್ಡದಾದಷ್ಟೂ ಒಳ್ಳೆಯದು’ ಎನ್ನಲಿಲ್ಲ. ‘ಚಿಕ್ಕದೇ ಚೊಕ್ಕ’ ಎಂದೂ ಹೇಳಲಿಲ್ಲ. ಯಾವ ಕಣದಲ್ಲಿ ನಿಲ್ಲಬೇಕೆಂಬುದನ್ನು ಮೊದಲು ನಿಶ್ಚಯಿಸಿದರು. ಅಳತೆ ತಾನಾಗಿ ಬಂದಿತು.

ಬೇಬಿ ಕಾರು ಬಿಸಿಯಿಂದ ನಿಂತಿತೆಂದೆವಷ್ಟೆ. ಬಿಸಿಯ ವಿಚಾರವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಗಾಳಿಯನ್ನು ಅದುಮಿದರೆ ಅದು ಕಾಯುವುದು. ಸೈಕಲ್ಲಿಗೆ ಗಾಳಿ ಹೊಡೆದ ಬಾಲಕನಿಗೆಲ್ಲ ಇದು ಗೊತ್ತು. 30 ಡಿಗ್ರಿಯ ಗಾಳಿಯನ್ನು ಇಮ್ಮಡಿ ಒತ್ತಡಕ್ಕೆ ಅದುಮಿದರೆ ಟರ್ಬೊದಿಂದ ಹೊರಬರುವಾಗ ಅದು 120 ಡಿಗ್ರಿಯನ್ನು ಮೀರಿರುವುದು. ಅದನ್ನು ಆರಿಸಲು ಇಂಟರ್‌ಕೂಲರೆಂಬ ಜಾಲರಿ ಬೇಕು. ಆರದ ಗಾಳಿ ಸಿಲಿಂಡರಿಗೆ ಹೋದರೆ, ಕಿಡಿಯಿಂದ ಹೊತ್ತಿದ ಉರಿ ಮುಟ್ಟುವ ಮುಂಚೆಯೇ ಉಳಿದ ಪೆಟ್ರೋಲು ತಾನೇ ಸಿಡಿಯುವುದು. ಇದನ್ನು ನಾಕಿಂಗ್ ಎನ್ನುವರು. ಒಳಗಿನಿಂದ ಸುತ್ತಿಗೆಯಲ್ಲಿ ಬಡಿದಂತೆ ಸದ್ದಾಗುವುದು. ಮುಂದುವರಿದರೆ ಪಿಸ್ಟನ್ನೇ ಒಡೆಯುವುದು. ಚರಕಸಂಹಿತೆಯಲ್ಲಿ ಆಹಾರದ ಮಾತ್ರೆಯನ್ನು ಕುರಿತ ಒಂದು ಅಧ್ಯಾಯವುಂಟು. ಉಣ್ಣತಕ್ಕ ಪ್ರಮಾಣವು ಉಣ್ಣುವವನ ಅಗ್ನಿಬಲವನ್ನು ಅನುಸರಿಸಿದ್ದೆಂಬುದು ಅದರ ತಾತ್ಪರ್ಯ. ಎಂಜಿನ್ನಿಗೂ ಅದೇ ನ್ಯಾಯ.

ಇದನ್ನು ಬರೆಯುವಾಗ ನಮ್ಮದೊಂದು ಹಳೆಯ ತಪ್ಪನ್ನು ಮುಚ್ಚಿಟ್ಟರೆ ವಾಚಕರಿಗೆ ವಂಚನೆ ಮಾಡಿದಂತಾಗುವುದು. ಈ ಹುಡುಗನ ತಂದೆ ನಮ್ಮ ತರಗತಿಯಲ್ಲಿದ್ದಾಗ ಲೆಕ್ಕದಲ್ಲಿ ಚುರುಕು, ಸಂಸ್ಕೃತದಲ್ಲಿ ಮಂದ. ಹತ್ತನೆಯ ತರಗತಿಯ ಪರೀಕ್ಷೆಗೆ ಮುಂಚೆ ಆರು ವಾರ ಅವನನ್ನು ಬೆಳಗ್ಗೆಯೂ ಸಂಜೆಯೂ ಮನೆಗೆ ಕರೆಸಿ ಶಬ್ದರೂಪ ಧಾತುರೂಪಗಳನ್ನು ತುರುಕಿದೆವು. ಒತ್ತಿದಷ್ಟು ಫಲ ಹೆಚ್ಚೀತೆಂಬುದೇ ಆಗಿನ ನಮ್ಮ ಶಾಸ್ತ್ರ. ಪರೀಕ್ಷೆಯ ದಿನ ಅವನು ಬರಿಯ ಕಾಗದವನ್ನು ಒಪ್ಪಿಸಿ ಎದ್ದು ಹೋದನು. ಮತ್ತೆ ಶಾಲೆಗೆ ಬರಲಿಲ್ಲ, ಅಂಗಡಿ ಸೇರಿದನು. ಇದನ್ನು ಅವನು ಒಂದು ದಿನವೂ ನಮ್ಮೆದುರು ಎತ್ತಿಲ್ಲ. ನಾವೂ ಎತ್ತಿಲ್ಲ. ಅವನು ಮಗನನ್ನು ಕರೆದುಕೊಂಡು ನಮ್ಮಲ್ಲಿಗೇ ಬಂದನಲ್ಲ, ಅದೇ ನಮಗೆ ಭಾರವಾಗಿತ್ತು.

ಎರಡನೆಯ ಭಾನುವಾರ ತಂದೆಮಕ್ಕಳು ಮತ್ತೆ ಬಂದರು. ಈ ಸಲ ತಂದೆ ತನ್ನ ಮನಸ್ಸಿನೊಳಗಿನದನ್ನು ಹೇಳಿದನು. “ಮೇಷ್ಟ್ರೇ, ಹಣದ ಮಾತು ಸುಳ್ಳು. ಅವನ ಹಣ, ಅವನು ಏನಾದರೂ ಮಾಡಿಕೊಳ್ಳಲಿ. ನಮ್ಮ ಹಿಂದಿನ ಬೀದಿಯ ಹುಡುಗ ಹೋದ ವರ್ಷ ರಾತ್ರಿ ಹೆದ್ದಾರಿಯಲ್ಲಿ ಹೋದ. ಅವರಪ್ಪ ಈಗಲೂ ಅಂಗಡಿಗೆ ಬಂದು ಸುಮ್ಮನೆ ಕೂತುಕೊಂಡಿರುತ್ತಾನೆ. ನನಗೆ ಅದೊಂದೇ ಹೆದರಿಕೆ.” ಮಗನು ಇದನ್ನು ಹಿಂದೆ ಕೇಳಿರಲಿಲ್ಲವೆಂದು ಅವನ ಮುಖವೇ ಹೇಳಿತು.

ಅಲ್ಲಿಂದ ಪ್ರಯೋಜನದ ಪ್ರಶ್ನೆಗೆ ಬೇರೆಯೇ ತೂಕ ಬಂದಿತು. ರಸ್ತೆಯ ಮಾತನ್ನು ಮೊದಲು ಎತ್ತಿಕೊಂಡೆವು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಗೊತ್ತುಮಾಡಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಎಂಜಿನ್ನಿನ ಘನಗಾತ್ರವು ಆ ವಿವರಗಳಲ್ಲಿ ಒಂದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ನಿಯಮವನ್ನೇ ಎತ್ತಿಹಿಡಿಯಿತು. ಸಾಲದುದಕ್ಕೆ, ಸಾಮಾನ್ಯವಾದ ಕಾರಿನ ವಿಮೆ ಪಂದ್ಯದಲ್ಲಿ ಆದ ನಷ್ಟಕ್ಕೆ ಹಣ ಕೊಡುವುದಿಲ್ಲ. ಹಾಗಿರುವಾಗ 1984 ಸಿ.ಸಿ.ಯ ಕಾರು ರಸ್ತೆಗೆ ಇಳಿಯುವಂತಿಲ್ಲ.

ಇಲ್ಲೊಂದು ವಿಚಿತ್ರವುಂಟು, ಇದನ್ನು ಹುಡುಗನೇ ಕಂಡುಹಿಡಿದನು. ವಾರವಿಡೀ ಅವನು ತನ್ನ ಗೇರುಗಳ ಲೆಕ್ಕವನ್ನು ಮಾಡಿದ್ದನು. ಕೊಯಮತ್ತೂರಿನ ಬಳಿಯ ಕರಿ ಮೋಟಾರ್ ಸ್ಪೀಡ್‌ವೇ ಅವನ ಮನಸ್ಸಿನಲ್ಲಿರುವ ಟ್ರ್ಯಾಕು. ಅದು ಒಂದು ಸುತ್ತಿಗೆ ಎರಡು ಕಿಲೋಮೀಟರಿಗೆ ತುಸು ಮೇಲಿರುವ, ತಿರುವುಗಳು ಹೆಚ್ಚಾದ ಪಥ. ಅಲ್ಲಿ 7000 ಸುತ್ತಿನಲ್ಲಿ ಗೇರು ಬದಲಿಸುತ್ತ ಓಡಿಸಿದರೆ ಎಂಜಿನ್ನು 4500ಕ್ಕಿಂತ ಕೆಳಗಿಳಿಯುವುದು ಅಪರೂಪ. ಬಲವು 4000ಕ್ಕೆ ಬಂದರೇನು, 3600ಕ್ಕೆ ಬಂದರೇನು? ದೊಡ್ಡ ಗಾತ್ರದಿಂದ ಗಳಿಸುವ ಆ ನಾನೂರು ಸುತ್ತುಗಳು ಟ್ರ್ಯಾಕಿನಲ್ಲಿ ಉಪಯೋಗಕ್ಕೇ ಬಾರವು. ಅವು ಬೇಕಾಗುವುದು ಪೇಟೆಯ ರಸ್ತೆಯಲ್ಲಿ, ಎರಡು ಮೂರು ಸಾವಿರ ಸುತ್ತಿನಲ್ಲಿ ಸಾಗುವ ದಿನದಿನದ ಓಡಾಟದಲ್ಲಿ. ದೊಡ್ಡ ಎಂಜಿನ್ನು ಯಾವ ಪ್ರಯೋಜನಕ್ಕೆ ನಿಜವಾಗಿ ಒಳ್ಳೆಯದೋ ಆ ಪ್ರಯೋಜನವನ್ನೇ ಕಾನೂನು ನಿಷೇಧಿಸಿದೆ. ಯಾವುದಕ್ಕೆ ಅನುಮತಿಯುಂಟೋ ಅದಕ್ಕೆ ಇರುವ ಗಾತ್ರವೇ ಸಾಕು.

ಇದಲ್ಲದೆ ಇನ್ನೊಂದು ಕಾರಣವೂ ಉಂಟು. ಅದೇ ಅಶ್ವಶಕ್ತಿಯನ್ನು 6000 ಸುತ್ತಿನ ಬದಲು 5000 ಸುತ್ತಿನಲ್ಲಿ ಪಡೆಯಬೇಕಾದರೆ ಎಂಜಿನ್ನು ತಿರುಚುವ ಬಲ, ಮೆಕ್ಯಾನಿಕರು ಟಾರ್ಕೆನ್ನುವುದು, ನೂರಕ್ಕೆ ಇಪ್ಪತ್ತು ಹೆಚ್ಚಬೇಕಾಗುವುದು. ಆ ಹೆಚ್ಚಿನ ತಿರುಚನ್ನು ಹೊರತಕ್ಕವು ಕನೆಕ್ಟಿಂಗ್ ರಾಡು, ಕ್ಲಚ್ಚು, ಗೇರುಪೆಟ್ಟಿಗೆ. ಈ ಎಂಜಿನ್ನಿನಲ್ಲಿ ಮೊದಲು ಬಾಗುವುದು ರಾಡೇ ಎಂದು ಇದನ್ನು ಬಿಚ್ಚಿ ಕಟ್ಟುವವರೆಲ್ಲ ಬಲ್ಲರು. 144 ಮಿಲಿಮೀಟರು ಉದ್ದದ ಅದೇ ರಾಡಿಗೆ ಉದ್ದ ಸ್ಟ್ರೋಕಿನ ಕ್ರ್ಯಾಂಕನ್ನು ಕೂಡಿಸಿದರೆ ರಾಡು ಹೆಚ್ಚು ಓರೆಯಾಗಿ ಆಡಿ, ಪಿಸ್ಟನ್ನು ಸಿಲಿಂಡರಿನ ಗೋಡೆಯನ್ನು ಹೆಚ್ಚು ಒತ್ತುವುದು. ಬೋರನ್ನು ಕೊರೆಸಿ ಆ ಗೋಡೆಯನ್ನೂ ತೆಳುಮಾಡಿರುವೆವಷ್ಟೆ. ಕ್ರ್ಯಾಂಕಿಗೂ ಲೇತಿನ ಕೆಲಸಕ್ಕೂ ಹೋಗುವ ಹಣವನ್ನು ಗಟ್ಟಿಯಾದ ರಾಡು ಪಿಸ್ಟನ್ನುಗಳಿಗೆ, ಒಳ್ಳೆಯ ಇಂಟರ್‌ಕೂಲರಿಗೆ, ಎಣ್ಣೆಯನ್ನು ತಣಿಸುವ ಏರ್ಪಾಟಿಗೆ, ಎಲ್ಲಕ್ಕಿಂತ ಮೊದಲು ಬ್ರೇಕಿಗೆ ಹಾಕುವುದು ಮೇಲೆಂದು ಹುಡುಗನೇ ಪಟ್ಟಿ ಮಾಡಿದನು. ಟರ್ಬೊವನ್ನು ಸಹ ತೀರ ದೊಡ್ಡದನ್ನು ಹಾಕದೆ, 250 ಅಶ್ವಶಕ್ತಿಗೆ ಬೇಕಾದಷ್ಟು ಗಾಳಿಯನ್ನು ಸಾಗಿಸಿ ಸ್ವಲ್ಪ ಉಳಿಸಿಕೊಳ್ಳುವ ಮಧ್ಯಮ ಪ್ರಮಾಣದ್ದನ್ನು ಆರಿಸಿದನು.

ಹಾಗೆಂದು 1781 ಸಿ.ಸಿ.ಯೇ ಎಲ್ಲರಿಗೂ ವೇದವಾಕ್ಯವೆಂದು ವಾಚಕರು ತಿಳಿಯಬಾರದು. ಗುರಿ 400 ಅಶ್ವಶಕ್ತಿಯಾಗಿದ್ದರೆ, ಟರ್ಬೊ ಅದಕ್ಕೆ ತಕ್ಕಂತೆ ದೊಡ್ಡದಾಗಿ 5000 ಸುತ್ತಿನವರೆಗೆ ನಿದ್ರಿಸುತ್ತಿದ್ದರೆ, ಆ ನಿದ್ರೆಯನ್ನು ಕಡಮೆ ಮಾಡಲು ದೊಡ್ಡ ಗಾತ್ರವೇ ಯೋಗ್ಯವಾಗುತ್ತಿತ್ತು. 1977ರಲ್ಲಿ ರೆನೋದವರು ಫಾರ್ಮುಲಾ ಒನ್ ಪಂದ್ಯಕ್ಕೆ ಒಂದೂವರೆ ಲೀಟರಿನ ಟರ್ಬೊ ಕಾರನ್ನು ಮೂರು ಲೀಟರಿನ ಎಂಜಿನ್ನುಗಳ ಮುಂದೆ ತಂದು ನಿಲ್ಲಿಸಿದಾಗ, ಬಲಕ್ಕೆ ಕೊರತೆಯಿರಲಿಲ್ಲ; ಬಲವು ತಡವಾಗಿ ಬರುವುದು ಅವರ ಸಂಕಟಗಳಲ್ಲಿ ಒಂದಾಗಿತ್ತು. ಮೊದಲ ಗೆಲವಿಗೆ 1979ರವರೆಗೆ ಕಾಯಬೇಕಾಯಿತು. 2014ರಿಂದ 2025ರವರೆಗಿನ ಫಾರ್ಮುಲಾ ಒನ್ ಎಂಜಿನ್ನುಗಳಲ್ಲಿ ಈ ತಡವನ್ನು ನೀಗಿಸಲು ಟರ್ಬೊದ ದಂಡಕ್ಕೆ ವಿದ್ಯುತ್ ಮೋಟಾರನ್ನೇ ಕೂಡಿಸಿದ್ದರು. ಆ ಸೌಕರ್ಯ ನಮ್ಮ ಗ್ಯಾರೇಜುಗಳಲ್ಲಿ ಇಲ್ಲದುದರಿಂದ, ಮನೆಯ ಹುಡುಗರು ಲೆಕ್ಕವನ್ನೇ ನಂಬಬೇಕು. ಕ್ರಮವಿಷ್ಟೇ: ಮೊದಲು ದಾರಿ, ಅನಂತರ ಬಲದ ಗುರಿ, ಅದರಿಂದ ಟರ್ಬೊ, ಆ ಟರ್ಬೊ ಎಚ್ಚರಗೊಳ್ಳುವ ಸುತ್ತನ್ನು ನೋಡಿ ಕೊನೆಗೆ ಎಂಜಿನ್ನಿನ ಗಾತ್ರ. ನಮ್ಮ ಹುಡುಗನು ಮೊದಲು ಗಾತ್ರವನ್ನು ಹಿಡಿದುಕೊಂಡು ದಾರಿಯನ್ನು ಕೊನೆಗೆ ಹುಡುಕುತ್ತಿದ್ದನು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಗಿತ್ತು.

ಎಲ್ಲ ಮುಗಿದ ಮೇಲೆ ತಂದೆ ನಮ್ಮನ್ನು ನೇರವಾಗಿ ಕೇಳಿದನು: “ಹಾಗಾದರೆ ಮೇಷ್ಟ್ರೇ, ಇವನನ್ನು ತಡೆಯಬೇಡವೆನ್ನುತ್ತೀರಾ?”

ನಾವು ಹೇಳಿದೆವು: “ತಡೆಯಬೇಡಪ್ಪ. ರಸ್ತೆಗೆ ಇಳಿಸುವುದಿಲ್ಲವೆಂದು ಮಾತು ತೆಗೆದುಕೋ. ನಿನ್ನನ್ನು ಒಂದು ಸಲ ನಾವು ಅಳತೆ ತಿಳಿಯದೆ ಒತ್ತಿದ್ದೆವು. ನಿನ್ನ ಮಗನನ್ನು ಅಳತೆ ತಿಳಿಯದೆ ತಡೆಯುವುದೂ ಅಂತಹದೇ ತಪ್ಪು.”

ಅವನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ ಮಗನ ಕಡೆಗೆ ತಿರುಗಿ, “ಕಾರನ್ನು ಕೊಯಮತ್ತೂರಿಗೆ ಓಡಿಸಿಕೊಂಡು ಹೋಗುವ ಹಾಗಿಲ್ಲವಲ್ಲ, ಹೇಗೆ ಒಯ್ಯುತ್ತೀಯೆ?” ಎಂದು ಕೇಳಿದನು. ಮಗನು ಇನ್ನೂ ಅದನ್ನು ಯೋಚಿಸಿರಲಿಲ್ಲ. “ಅಂಗಡಿಯ ಲಾರಿಯಲ್ಲಿ ಹೇರಿಕೊಂಡು ಹೋದರಾಯಿತು. ನಾನೂ ಬರುತ್ತೇನೆ” ಎಂದು ತಂದೆ ಎದ್ದು ನಿಂತನು.

ಕ್ಯಾಲೆಂಡರಿನ ಆ ಹಾಳೆ ಇನ್ನೂ ನಮ್ಮ ಮೇಜಿನ ಮೇಲಿದೆ. ಎರಡು ಸಂಖ್ಯೆಗಳಲ್ಲಿ 1984ನ್ನು ಹೊಡೆದುಹಾಕಿ 1781ಕ್ಕೆ ಗೆರೆಯೆಳೆದಿದೆ. ಕೆಳಗೆ ತಂದೆಯ ಅಕ್ಷರದಲ್ಲಿ, ಅಂಗಡಿಯ ಲೆಕ್ಕದಂತೆ, ಬ್ರೇಕಿನ ಖರ್ಚನ್ನು ಮೊದಲ ಸಾಲಿಗೆ ಬರೆದಿದೆ. ನಿಮ್ಮ ಮನೆಯಲ್ಲಿಯೂ ಇಂತಹ ಹಟ ಹಿಡಿದ ಮಗನೋ ಮಗಳೋ ಇದ್ದರೆ, ಬೇಕು ಬೇಡಗಳ ಮಾತಿಗೆ ಮುಂಚೆ ಒಂದು ಹಾಳೆಯನ್ನು ಮುಂದಿಟ್ಟು, ಯಾವ ದಾರಿಗೆಂದು ಕೇಳಿರಿ. ಉತ್ತರ ಬರುವವರೆಗೆ ಕಾಯಿರಿ. ಬಹುಶಃ ಎರಡು ಭಾನುವಾರಗಳು ಬೇಕಾದಾವು.